ಕುಂಕುಮ ಕೊಟ್ಟು ಕರೆದ ಮೆರವಣಿಗೆ

ನನ್ನದು ಹುಟ್ಟಿನಿಂದಲೇ ಸಂಶಯದ ಸ್ವಭಾವ. ಹಾಲಿನವಳು ಅಳತೆಯ ಪಾವು ಬಗ್ಗಿಸುವಾಗ ನಾನು ಹಾಲನ್ನು ನೋಡುತ್ತಿರಲಿಲ್ಲ, ಪಾವಿನ ಒಳಗಿದ್ದ ಅವಳ ಹೆಬ್ಬೆರಳನ್ನು ನೋಡುತ್ತಿದ್ದೆ. ಯಾರಾದರೂ ನಿನ್ನ ಸೀರೆ ಚೆನ್ನಾಗಿದೆ ಎಂದರೆ ಇವಳಿಗೆ ಏನೋ ಬೇಕಾಗಿದೆ ಎಂದುಕೊಳ್ಳುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಅವಳಿಗೆ ಏನೋ ಬೇಕಾಗಿಯೂ ಇರುತ್ತಿತ್ತು. ಹಾಗಾಗಿ ಇದನ್ನು ನಾನು ದೋಷ ಎಂದು ಎಣಿಸಿರಲಿಲ್ಲ, ಬುದ್ಧಿ ಎಂದೇ ತಿಳಿದಿದ್ದೆ. ನಮ್ಮ ಯಜಮಾನರ ಕೆಲಸ ಹೋಗುವ ತನಕ ಹಾಗೇ ತಿಳಿದಿದ್ದೆ.

ಕೊಡಗು ಆಗ ತನ್ನದೇ ಒಂದು ರಾಜ್ಯ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಸಂವಿಧಾನವೂ ಬಂದಿತ್ತು. ಆದರೆ ನಮ್ಮಲ್ಲಿ ಜನ ಆರಿಸಿದ ಮಂತ್ರಿ ಎಂಬುವನು ಇನ್ನೂ ಹುಟ್ಟಿರಲಿಲ್ಲ. ದೆಹಲಿಯವರು ನೇಮಿಸಿದ ಚೀಫ್ ಕಮಿಷನರು, ಅವರ ಕೆಳಗೆ ಕಚೇರಿ, ಕಚೇರಿಯ ಕೆಳಗೆ ನಾವು. ಮಡಿಕೇರಿಯಲ್ಲಿ ದೇವಸ್ಥಾನದ ಕೆಳಗಿನ ಬೀದಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ಅಕ್ಕಪಕ್ಕ ಅರ್ಚಕರು, ಮೇಷ್ಟ್ರುಗಳು, ಗುಮಾಸ್ತರು; ಎದುರಿಗೆ ಒಂದು ಕೊಡವರ ಮನೆ; ತಿರುವಿನಲ್ಲಿ ಮಲೆಯಾಳ ಮಾತಾಡುವ ಅಂಗಡಿಯವರು. ಬೀದಿಯ ಕೊನೆಗೆ ಕಚೇರಿಯ ಶಿರಸ್ತೇದಾರರ ಮನೆ. ಶಿರಸ್ತೇದಾರರೆಂದರೆ ಗುಮಾಸ್ತರಿಗೆಲ್ಲ ದೊಡ್ಡವರು, ಸಾಹೇಬರ ಮೇಜಿಗೆ ಹೋಗುವ ಕಾಗದವೆಲ್ಲ ಅವರ ಕೈ ದಾಟಿಯೇ ಹೋಗಬೇಕು.

ನಮ್ಮವರು ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಮೂರು ವರ್ಷದಿಂದ ತಾತ್ಕಾಲಿಕ. ಆ ವರ್ಷ ಕೆಲಸ ಖಾಯಂ ಆಗಬೇಕಿತ್ತು. ಹೆಡ್‌ಮಾಸ್ಟರು ಶಿಫಾರಸು ಬರೆದಿದ್ದರು, ಒಂದು ಸಹಿ ಬಾಕಿ. ಆ ಸಹಿಗಾಗಿ ನಾನು ಮಾಡದ ಹರಕೆಯಿಲ್ಲ. ಅವರು ಮಾತ್ರ ನೆಮ್ಮದಿಯಾಗಿದ್ದರು. ಯಾರನ್ನೂ ಅನುಮಾನಿಸದ ಮನುಷ್ಯ, ಅಂಗಡಿಯವನು ತೂಕ ಮಾಡುವಾಗ ಆಕಾಶ ನೋಡುತ್ತ ನಿಲ್ಲುವವರು. ಮನೆಗೆ ಇಂಥವರೊಬ್ಬರು ಸಾಕು ಎಂದು ನಾನು ಇಬ್ಬರ ಪಾಲಿನ ಅನುಮಾನವನ್ನೂ ಒಬ್ಬಳೇ ಹೊತ್ತುಕೊಂಡಿದ್ದೆ.

ಇಂಥ ನಾನು ಮೆರವಣಿಗೆಯ ಗೊಡವೆಗೆ ಯಾಕೆ ಹೋದೆ ಎಂದರೆ, ಅಕ್ಕಿಯಿಂದ. ರೇಷನ್ನಿನಲ್ಲಿ ಕೊಟ್ಟ ಅಕ್ಕಿಯಲ್ಲಿ ಒಂದು ತಿಂಗಳು ಅರ್ಧ ಕಲ್ಲು, ಅರ್ಧ ಹುಳು. ನಾನು ಅದನ್ನು ಮೊರದಲ್ಲಿ ಹಾಕಿಕೊಂಡು, ಬೀದಿಯ ಇನ್ನಿಬ್ಬರು ಹೆಂಗಸರನ್ನು ಕಟ್ಟಿಕೊಂಡು ಕಚೇರಿಗೆ ಹೋದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಜಗಲಿಯಲ್ಲಿ ನಿಲ್ಲಿಸಿದರು. ಕೊನೆಗೆ ಒಬ್ಬ ಜವಾನ ಬಂದು, ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಬನ್ನಿ ಎಂದ. ಕಲ್ಲಿಗೆ ಇಂಗ್ಲಿಷಿನಲ್ಲಿ ಏನಂತಾರೋ ನನಗೆ ಗೊತ್ತಿರಲಿಲ್ಲ. ಮೊರ ಹಿಡಿದುಕೊಂಡು ವಾಪಸು ಬಂದೆ. ಅವತ್ತೇ ಅಂದುಕೊಂಡೆ, ಓಟು ಕೇಳುವುದಕ್ಕೆ ಬಾಗಿಲಿಗೆ ಬರುವ ಮನುಷ್ಯನೊಬ್ಬ ಇದ್ದಿದ್ದರೆ ಈ ಅಕ್ಕಿಯನ್ನು ಅವನ ಕಾಲ ಮೇಲೆ ಸುರಿಯಬಹುದಿತ್ತು.

ಒಂದು ಭಾನುವಾರ ಮೇಲಿನ ರಸ್ತೆಯ ವಕೀಲರು ಮನೆಗೆ ಬಂದರು. ಜನ ಆರಿಸಿದ ಸರ್ಕಾರ ಬೇಕೆಂದು ಬರುವ ಶುಕ್ರವಾರ ಒಂದು ಮೆರವಣಿಗೆ, ಶಾಂತವಾಗಿ ನಡೆಯಬೇಕು, ಹೆಂಗಸರು ಮುಂದೆ ಇರಬೇಕು, ಹೆಂಗಸರನ್ನು ಸೇರಿಸುವ ಕೆಲಸ ನನ್ನದು ಎಂದರು. ಹೆಂಗಸರು ಮುಂದಿದ್ದರೆ ಪೊಲೀಸರು ಲಾಠಿ ಎತ್ತುವುದಿಲ್ಲವಂತೆ. ನನಗೆ ತಕ್ಷಣ ಅನುಮಾನ ಬಂತು. ನಾವು ಮುಂದೆ, ನೀವು ಹಿಂದೆ, ನಾಳೆ ಮಂತ್ರಿಯಾಗುವವರು ಯಾರು ಎಂದು ಕೇಳಿಯೇಬಿಟ್ಟೆ. ನಮ್ಮವರು ನಾಚಿಕೆಯಿಂದ ಕಾಫಿ ಲೋಟದೊಳಗೆ ಮುಖ ಇಟ್ಟರು. ವಕೀಲರು ಮಾತ್ರ ನೇರವಾಗಿ ಹೇಳಿದರು:

"ನಾನೇ ಆದ್ರೂ ಆಗಬಹುದಮ್ಮ. ಆದಾಗ ಬಂದು ಬೈಯೋಕೆ ನಿಮಗೊಂದು ಹಕ್ಕಿರುತ್ತೆ. ಈಗ ಅದೂ ಇಲ್ಲ."

ಅಲ್ಲ ಅನ್ನದೆ ಹೌದು ಅಂದದ್ದರಿಂದ ಅವರನ್ನು ನಂಬಿದೆ. ನಮ್ಮವರ ಸಂಗತಿ ಬೇರೆ. ಸರ್ಕಾರಿ ನೌಕರರು ರಾಜಕೀಯಕ್ಕೆ ಕಾಲಿಡಬಾರದು ಎಂದು ನಿಯಮ. ಅವರು ಶುಕ್ರವಾರ ತಮ್ಮ ಪಾಡಿಗೆ ಶಾಲೆಯಲ್ಲಿ ಪಾಠ ಮಾಡಿಕೊಂಡಿರುವುದು, ನಾನು ನನ್ನ ಪಾಡಿಗೆ ಹೆಂಗಸರ ಜೊತೆ ನಡೆಯುವುದು, ಹೆಂಡತಿಯ ಕಾಲಿಗೆ ಯಾವ ನಿಯಮವೂ ಇಲ್ಲ ಎಂದು ಮೂವರೂ ಕೂತು ತೀರ್ಮಾನಿಸಿದೆವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ವಕೀಲರು ಅಚ್ಚು ಹಾಕಿಸಿದ್ದ ಒಂದು ಕಟ್ಟು ಕರಪತ್ರ ಕೊಟ್ಟರು. ನಾನು ಅದನ್ನು ಹಿಂದಕ್ಕೆ ತಳ್ಳಿದೆ. ಕರಪತ್ರ ಕೊಟ್ಟರೆ ಗಂಡಸರು ಓದುತ್ತಾರೆ, ಮಾರನೆಯ ದಿನ ಹಂಡೆಯ ಒಲೆಗೆ ಹೋಗುತ್ತದೆ, ಹೆಂಗಸರ ಕಿವಿಗೆ ಬೀಳುವುದೇ ಇಲ್ಲ. ಹೆಂಗಸರನ್ನು ಮನೆಯಿಂದ ಹೊರಡಿಸಲು ನಮ್ಮಲ್ಲಿ ಇರುವುದು ಒಂದೇ ದಾರಿ. ಬಾಗಿಲಿಗೆ ಹೋಗಿ ಹಣೆಗೆ ಕುಂಕುಮ ಇಟ್ಟು ಕರೆಯಬೇಕು. ಹಾಗೆ ಕರೆದ ಮೇಲೆ ಹೋಗದಿರುವ ಹಾಗಿಲ್ಲ. ಮೈಗೆ ಹುಷಾರಿಲ್ಲದಿದ್ದರೆ ಸೊಸೆಯನ್ನಾದರೂ ಕಳಿಸಬೇಕು. ಜೊತೆಗೆ ಕುಂಕುಮ ಕೊಟ್ಟದ್ದಕ್ಕೆ ಯಾವ ಪೊಲೀಸಿನವನೂ ಯಾರನ್ನೂ ಹಿಡಿಯಲಾರ. ಈ ಉಪಾಯ ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕುಂಕುಮಕ್ಕೆ ಕರೆಯಲು ಇಬ್ಬರು ಹೋಗುವುದು ಪದ್ಧತಿ. ಜೊತೆಗೆ ಬರುವವಳು ಯಾರ ಹತ್ತಿರ ಏನು ಹೇಳುತ್ತಾಳೋ ಎಂದು ನಾನು ಒಬ್ಬಳೇ ಹೊರಟೆ. ಮದುವೆಯಲ್ಲಿ ಕೊಟ್ಟ ಬೆಳ್ಳಿಯ ಬಟ್ಟಲು, ಧರ್ಮಾವರದ ಸೀರೆ, ಬಾಯಲ್ಲಿ ರೂಢಿಯ ಮಾತು.

"ನಮ್ಮ ಯಜಮಾನ್ರು ಹೇಳಿ ಕಳಿಸಿದಾರೆ. ಶುಕ್ರವಾರ ಬೆಳಿಗ್ಗೆ ದೇವಸ್ಥಾನದ ಹತ್ರ ಸೇರಿ, ಅಲ್ಲಿಂದ ಮೈದಾನಕ್ಕೆ ನಡ್ಕೊಂಡು ಹೋಗೋದು. ನಮ್ಮ ಸರ್ಕಾರ ನಾವೇ ಆರಿಸ್ಬೇಕು ಅಂತ ಕೇಳೋಕೆ. ಮನೆಯವರೆಲ್ಲ ಬರಬೇಕು, ತಪ್ಪಿಸಬಾರದು."

ಬೀದಿಯ ಒಂದು ತುದಿಯಿಂದ ಶುರುಮಾಡಿದರೆ ಇನ್ನೊಂದು ತುದಿಯವರೆಗೂ ಮುತ್ತೈದೆಯಿರುವ ಮನೆ ಬಿಡುವಂತಿಲ್ಲ. ಬಿಟ್ಟರೆ ಮೂರು ತಲೆಮಾರಿನ ಮುನಿಸು. ಹೀಗಾಗಿ ಶಿರಸ್ತೇದಾರರ ಮನೆಗೂ ಹೋದೆ. ಗೇಟಿನ ಹತ್ತಿರ ಕಾಲು ಒಂದು ಗಳಿಗೆ ತಡೆಯಿತು, ನಿಜ. ಆದರೆ ಅವರ ಹೆಂಡತಿ ಜಗಲಿಯಲ್ಲೇ ಕೂತು ಹೂ ಕಟ್ಟುತ್ತಿದ್ದರು, ನನ್ನ ಬಟ್ಟಲು ನೋಡಿ ಆಗಲೇ ಎದ್ದು ನಿಂತಿದ್ದರು. ದುಂಡುಮುಖದ, ಎಲ್ಲಿಗೆ ಕರೆದರೂ ಸಂಭ್ರಮಪಡುವ ಹೆಂಗಸು. ಕುಂಕುಮ ಇಡಿಸಿಕೊಂಡು, ನನಗೂ ಇಟ್ಟು, ತಲೆಗೆ ಒಂದು ಮೊಳ ಸೇವಂತಿಗೆ ಮುಡಿಸಿ ಕಳಿಸಿದರು. ಕುಂಕುಮ ತೆಗೆದುಕೊಂಡವರನ್ನು ಸಂಶಯಪಡುವುದು ನನ್ನ ತಲೆಗೂ ಬರಲಿಲ್ಲ. ನನ್ನ ಸಂಶಯವೆಲ್ಲ ಬೇರೆ ಒಂದು ಬಾಗಿಲ ಮೇಲಿತ್ತು.

ಅದು ನಮ್ಮ ಪಕ್ಕದ ಮನೆಯ ಬಾಗಿಲು. ಅಲ್ಲಿದ್ದವರನ್ನು ಬೀದಿಯವರೆಲ್ಲ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಹಾಸನದ ಕಡೆಯಿಂದ ಗಂಡನ ಜೊತೆ ಬಂದು, ಗಂಡ ಸತ್ತ ಮೇಲೆ ಇಲ್ಲೇ ಉಳಿದವರು. ಮಕ್ಕಳಿಲ್ಲ. ಮದುವೆಯಾಗದ ನಾಲ್ಕು ಜನ ಗುಮಾಸ್ತರಿಗೆ ಎರಡು ಹೊತ್ತು ಊಟ ಹಾಕಿ ಜೀವನ ಮಾಡುತ್ತಿದ್ದರು. ಆ ನಾಲ್ವರಲ್ಲಿ ಒಬ್ಬ ಕಚೇರಿಯಲ್ಲಿ ಟೈಪಿಸ್ಟು. ಅವನು ದೊಡ್ಡಮ್ಮನ ಮನೆಯಲ್ಲಿ ತಟ್ಟೆಯ ಮುಂದೆ ಕೂತು ತಗ್ಗಿದ ದನಿಯಲ್ಲಿ ಮಾತಾಡುವುದು, ಅವರು ಬಡಿಸುತ್ತ ಹೂಂಗುಟ್ಟುವುದು ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು. ಏನು ಮಾತು ಎಂದು ಕೇಳಿಸುತ್ತಿರಲಿಲ್ಲ. ಅದೇ ನನ್ನ ಹೊಟ್ಟೆನೋವು. ಅಲ್ಲಿಂದ ಇಲ್ಲಿಗೆ ಮಾತು ಬಂದರೆ ಇಲ್ಲಿಂದ ಅಲ್ಲಿಗೂ ಹೋಗುತ್ತದಲ್ಲ.

ವಿಧವೆಗೆ ಕುಂಕುಮ ಕೊಡುವಂತಿಲ್ಲ. ಹಾಗೆಂದು ಅಂಥವರನ್ನು ಕರೆಯದೆ ಬಿಡುತ್ತಿದ್ದೆವೆಂದಲ್ಲ, ನೀವೂ ಬನ್ನಿ ದೊಡ್ಡಮ್ಮ ಎಂದು ಬಾಯಿಮಾತಲ್ಲಿ ಹೇಳುವುದಿತ್ತು. ನಾನು ಅದನ್ನೂ ಹೇಳಲಿಲ್ಲ. ಅವರ ಬಾಗಿಲ ಮುಂದೆಯೇ ಬಟ್ಟಲನ್ನು ಸೆರಗಿನಿಂದ ಮುಚ್ಚಿಕೊಂಡು ದಾಟಿಹೋದೆ. ಅವರು ಒಳಗೆ ಸೌತೆಕಾಯಿ ಹೆಚ್ಚುತ್ತಿದ್ದರು. ತಲೆ ಎತ್ತಿ ನೋಡಿದರು, ಮತ್ತೆ ತಗ್ಗಿಸಿದರು. ಶಾಸ್ತ್ರದ ನೆಪ ಸಿಕ್ಕಿದ್ದು ನನಗೆ ಒಳ್ಳೆಯದೇ ಆಯಿತೆನಿಸಿತು. ಎದುರು ಮನೆಯ ಕೊಡವರ ಅಕ್ಕ ತಮ್ಮ ಜಗಲಿಯಿಂದ ಎಲ್ಲ ನೋಡಿದ್ದರು. ಅವರಿಗೆ ನಮ್ಮ ಬಟ್ಟಲಿನ ಹಂಗಿರಲಿಲ್ಲ. ಎಷ್ಟು ಗಂಟೆಗೆ ಅಂತ ಹೇಳು, ಬರ್ತೇನೆ ಅಂದವರು, ನಾನು ಹೊರಡುವಾಗ ಕೇಳಿದರು:

"ಆ ದೊಡ್ಡಮ್ಮನ್ನ ಯಾಕೆ ಬಿಟ್ಟೆ? ಮೆರವಣಿಗೆಗೂ ಗಂಡ ಬೇಕಾ?"

ನಾನು ಟೈಪಿಸ್ಟಿನ ವಿಷಯ ಹೇಳಿದೆ. ಅವರು ಕೈ ಕೊಡವಿ ಒಳಗೆ ಹೋದರು. ಇವರಿಗೆ ಲೋಕಜ್ಞಾನ ಕಡಿಮೆ ಎಂದುಕೊಂಡು ಮುಂದಿನ ಮನೆಗೆ ನಡೆದೆ.

ಬುಧವಾರ ಮಧ್ಯಾಹ್ನ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ. ದೊಡ್ಡಮ್ಮ ಮೋಟುಗೋಡೆಯ ಆಚೆ ಬಂದು ನಿಂತರು. ಕೈಯಲ್ಲಿ ಒಂದು ಬಟ್ಟಲು ಹೇರಳೆಕಾಯಿ ಗೊಜ್ಜು. ಗೊಜ್ಜು ಕೊಡಲು ಬಂದವರು ಹಾಗೆ ಹಿಂದೆ ಮುಂದೆ ನೋಡುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಬಟ್ಟಲನ್ನು ಗೋಡೆಯ ಮೇಲಿಟ್ಟು ಮೆಲ್ಲಗೆ ಹೇಳಿದರು:

"ನಿನ್ನ ಗಂಡನ ಹೆಸರು ಕಚೇರೀಲಿ ಬಂದಿದೆ ಕಣೇ. ಶುಕ್ರವಾರ ಅವನು ಆ ಕಡೆ ತಲೆ ಹಾಕ್ದೆ ಇರ್ಲಿ. ಶಾಲೇಲೇ ಇರ್ಲಿ, ಹಾಜರಿ ಪುಸ್ತಕಕ್ಕೆ ರುಜು ಹಾಕ್ಲಿ. ಹಾಗಿದ್ರೆ ಅವರಿಗೆ ಹಿಡ್ಯೋಕೆ ಏನೂ ಇರಲ್ಲ. ಮರೀದೆ ಹೇಳು ಅವನಿಗೆ."

ನಮ್ಮವರ ಹೆಸರು ಕಚೇರಿಗೆ ಹೋದದ್ದು ಹೇಗೆ? ಹೋಗಿದೆಯೆಂದು ಇವರಿಗೆ ಗೊತ್ತಾದದ್ದು ಹೇಗೆ? ಎರಡಕ್ಕೂ ಒಂದೇ ಉತ್ತರ. ಹೇಳಿದವರೇ ಇವರು, ಈಗ ನಮ್ಮ ಮುಖ ಹೇಗಾಗುತ್ತದೆಂದು ನೋಡಲು ಬಂದಿದ್ದಾರೆ. ಇಲ್ಲವೇ ಮೆರವಣಿಗೆಗೆ ಜನ ಸೇರಬಾರದೆಂದು ಕಚೇರಿಯವರೇ ಹೀಗೆ ಒಂದೊಂದು ಮನೆಗೆ ಹೆದರಿಕೆ ಕಳಿಸುತ್ತಿದ್ದಾರೆ, ಇವರು ಅದನ್ನು ಗೊಜ್ಜಿನ ಜೊತೆ ತಂದಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ನಾನು ಆಗಲಿ ದೊಡ್ಡಮ್ಮ ಎಂದು ನಗುನಗುತ್ತಾ ಹೇಳಿ, ಗೊಜ್ಜನ್ನು ಒಳಗೆ ಒಯ್ದು ಹಾಲಿನವಳ ಹಸುವಿಗೆಂದು ಎತ್ತಿಡುವ ಕಲಗಚ್ಚಿಗೆ ಸುರಿದೆ.

ನಮ್ಮವರಿಗೆ ಹೇಳಲಿಲ್ಲ.

ಹೇಳದಿದ್ದುದಷ್ಟೇ ಆಗಿದ್ದರೆ ಇವತ್ತು ಇದನ್ನು ಬರೆಯುವ ಅಗತ್ಯವಿರುತ್ತಿರಲಿಲ್ಲ. ಹೇಳದಿದ್ದರೂ ಅವರು ಶುಕ್ರವಾರ ಶಾಲೆಯಲ್ಲೇ ಇರುತ್ತಿದ್ದರು. ನಾನು ಅದಕ್ಕೂ ಬಿಡಲಿಲ್ಲ. ಕಚೇರಿಯವರು ಹೆದರಿಸಿದರೆಂದು ಹೆದರಿದ ಹಾಗಾಗುತ್ತದೆ, ಪಕ್ಕದ ಮನೆಯಲ್ಲಿ ನಗುತ್ತಾರೆ ಎಂಬ ಹಟ ಹತ್ತಿತು. ಗುರುವಾರ ಸಂಜೆ ಅವರು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತ ಕೂತಿದ್ದಾಗ, ಬೀದಿಯ ಹೆಂಗಸರೆಲ್ಲ ನಡೆಯುವಾಗ ಮೇಷ್ಟ್ರಾದವರು ಒಳಗೆ ಕೂತು ಮಗ್ಗಿ ಹೇಳಿಸುವುದು ಚೆನ್ನಾಗಿರುತ್ತದೆಯೇ ಎಂದು ಕೆಣಕಿದೆ. ಅವರು ಭಾನುವಾರದ ತೀರ್ಮಾನ ನೆನಪಿಸಿದರು. ಆಗ ಆಗ, ಈಗ ಈಗ ಎಂದೆ. ಎಲ್ಲ ಹೆಂಗಸರ ಹತ್ತಿರ ನಿಮ್ಮ ಹೆಸರಲ್ಲೇ ಕರೆದು ಬಂದಿದ್ದೇನೆ, ನೀವೇ ಬರದಿದ್ದರೆ ನನ್ನ ಮಾನ ಏನಾಗಬೇಕು ಎಂದೆ. ನನ್ನ ಬಾಯಿಂದ ಹೊರಟ ಆ ಮಾತಿನ ತೂಕ ನನಗೇ ತಿಳಿಯಲಿಲ್ಲ, ನೋಡಿ. ಅವರು ಪೆನ್ಸಿಲು ಕೆಳಗಿಟ್ಟು, ಅರ್ಧ ದಿನ ರಜೆ ಬರೆದು ಕೊಡುತ್ತೇನೆ ಎಂದರು.

ಶುಕ್ರವಾರ ಬಂತು. ಕುಂಕುಮದ ಕರೆ ಎಂದರೆ ಸುಮ್ಮನೆಯೇ? ಒಂದು ಮನೆಯೂ ತಪ್ಪಿರಲಿಲ್ಲ, ಶಿರಸ್ತೇದಾರರ ಮನೆಯೊಂದನ್ನು ಬಿಟ್ಟು. ಅರ್ಚಕರ ಹೆಂಡತಿ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಇಬ್ಬರು ಬರಿಗೈಯಲ್ಲಿ ಹೋಗಬಾರದೆಂದು ಚೀಲದಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ತಂದಿದ್ದರು. ಒಬ್ಬರು ಊಟ ವಕೀಲರ ಮನೆಯಲ್ಲೋ ಛತ್ರದಲ್ಲೋ ಎಂದು ನನ್ನ ಕಿವಿಯಲ್ಲಿ ಕೇಳಿದರು. ವಕೀಲರು ಈ ಸಂಭ್ರಮ ನೋಡಿ ಕೈಮುಗಿದರು. ಜನರ ಸರ್ಕಾರ ಬೇಕು ಎಂದು ಕೂಗಬೇಕಿತ್ತು. ಬೀದಿಯಲ್ಲಿ ಕೂಗಿ ಅಭ್ಯಾಸವಿಲ್ಲದ ನಾವು ಮೊದಲು ಹಸೆಗೆ ಕರೆಯುವವರ ಹಾಗೆ ಮೆಲ್ಲಗೆ, ರಾಗವಾಗಿ ಅಂದೆವು. ಮಾರುಕಟ್ಟೆಯ ತಿರುವಿಗೆ ಬರುವಷ್ಟರಲ್ಲಿ ಕೊಡವರ ಅಕ್ಕನ ಗಂಟಲು ಬಿಚ್ಚಿತು, ಅವರ ಹಿಂದೆ ನಮ್ಮದೂ. ನನಗೆ ಕಣ್ಣಲ್ಲಿ ನೀರು ಬಂತು. ಮೊರ ಹಿಡಿದು ಜಗಲಿಯಲ್ಲಿ ನಿಂತಿದ್ದ ಹೆಂಗಸು ನಾನೇನಾ ಎನಿಸಿತು. ಪೊಲೀಸರು ಇಕ್ಕೆಲದಲ್ಲಿ ನಿಂತಿದ್ದರು. ಯಾರೂ ಯಾರನ್ನೂ ಮುಟ್ಟಲಿಲ್ಲ.

ಕೋಟೆಯ ಹತ್ತಿರದ ತಿರುವಿನಲ್ಲಿ ನಮ್ಮವರು ನಿಂತಿದ್ದರು. ನಮ್ಮನ್ನು ಕಂಡು ಒಂದು ಸಲ ಸುತ್ತ ನೋಡಿ, ಗಂಡಸರ ಸಾಲಿಗೆ ಬಂದು ಸೇರಿಕೊಂಡರು. ಅದೇ ತಿರುವಿನಲ್ಲಿ, ಹತ್ತು ಮಾರು ಆಚೆ, ಒಂದು ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಆ ಟೈಪಿಸ್ಟು ನಿಂತಿದ್ದ. ಪಕ್ಕದಲ್ಲಿ ಒಬ್ಬ ಮೇಲಿನ ಗುಮಾಸ್ತ. ಗುಮಾಸ್ತ ನಮ್ಮವರ ಕಡೆ ಬೆರಳು ಮಾಡಿದ, ಟೈಪಿಸ್ಟು ಬರೆದುಕೊಂಡ. ನನಗೆ ಉರಿಯಿತು. ಹಿಂದಿರುಗಿ ನೋಡಿದರೆ ಹೆಂಗಸರ ಸಾಲಿನ ಕಟ್ಟಕಡೆಗೆ, ಎಲ್ಲರಿಗಿಂತ ಹತ್ತು ಹೆಜ್ಜೆ ಹಿಂದೆ, ವಿಧವೆಯರುಡುವ ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ದೊಡ್ಡಮ್ಮ ನಡೆದು ಬರುತ್ತಿದ್ದರು. ಯಾರೂ ಕರೆದಿರಲಿಲ್ಲ. ಯಾರು ಯಾರು ಬಂದರೆಂದು ಎಣಿಸಿಕೊಳ್ಳಲು ಬಂದಿದ್ದಾರೆ ಎಂದು ನನಗೆ ಖಚಿತವಾಯಿತು. ಅಕ್ಕಪಕ್ಕದವರಿಗೆ, ಅವರ ಮುಂದೆ ಏನೂ ಮಾತಾಡಬೇಡಿ ಎಂದೆ. ಮಾತು ಸಾಲಿನುದ್ದಕ್ಕೂ ಹೋಯಿತು. ಮೈದಾನದಲ್ಲಿ ಎಲ್ಲರೂ ಹುಲ್ಲಿನ ಮೇಲೆ ಕೂತಾಗ ಅವರ ಸುತ್ತ ಒಂದು ಕಣದಷ್ಟು ಜಾಗ ಖಾಲಿಯಿತ್ತು. ಭಾಷಣ ಮುಗಿಯುವ ತನಕ ಅವರು ಅಲ್ಲೇ ಕೂತಿದ್ದು ಕೇಳಿದರು.

ಮೂರನೆಯ ವಾರ ನಮ್ಮವರ ಕೈಗೆ ಕಾಗದ ಬಂತು. ಇಂಗ್ಲಿಷಿನಲ್ಲಿ ಎರಡೇ ಸಾಲು. ತಾತ್ಕಾಲಿಕ ನೇಮಕವನ್ನು ಮುಂದುವರಿಸುವ ಅಗತ್ಯ ಕಾಣುವುದಿಲ್ಲ ಎಂದು. ಅವರು ಓದಿ, ಮಡಿಸಿ, ಜೇಬಿಗಿಟ್ಟುಕೊಂಡು, ನಾಳೆಯಿಂದ ಐದನೇ ಕ್ಲಾಸಿಗೆ ಯಾರು ಹೋಗುತ್ತಾರೋ, ಭಿನ್ನರಾಶಿ ಅರ್ಧಕ್ಕೆ ನಿಂತಿದೆ ಎಂದರು. ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ನೇರವಾಗಿ ಪಕ್ಕದ ಮನೆಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು, ನಾಲ್ವರೂ ಎಲೆಯ ಮುಂದೆ ಕೂತಿದ್ದರು. ಉಂಡ ಮನೆಯ ಗಳ ಎಣಿಸುವವರನ್ನು ಕೇಳಿದ್ದೆ, ಉಣ್ಣಿಸುವವರೇ ನೆರೆಮನೆಯ ಗಳ ಎಣಿಸುವುದನ್ನು ಈಗ ಕಂಡೆ ಎಂದು ಬಾಗಿಲಲ್ಲೇ ನಿಂತು ಅಂದೆ. ಇನ್ನೂ ಏನೇನೋ ಅಂದೆ. ಬರೆಯುವಂಥದ್ದಲ್ಲ. ಟೈಪಿಸ್ಟು ಕಲಸಿದ ಅನ್ನ ಹಾಗೇ ಬಿಟ್ಟು ಎದ್ದುಹೋದ. ದೊಡ್ಡಮ್ಮ ಸೌಟು ಹಿಡಿದುಕೊಂಡು ನಿಂತಿದ್ದವರು ಹೇಳಿದ್ದು ಇಷ್ಟೇ:

"ಊಟದ ಹೊತ್ತು ಕಣೇ. ಆಮೇಲೆ ಬಾ."

ನಾನು ಆಮೇಲೆ ಹೋಗಲಿಲ್ಲ. ಬೀದಿಯವರೂ ಹೋಗುವುದನ್ನು ಬಿಟ್ಟರು. ಹಬ್ಬದ ಅಡುಗೆಗೆ ಅವರನ್ನು ಕರೆಯುತ್ತಿದ್ದ ಮನೆಗಳು ಬೇರೆಯವರನ್ನು ಕರೆದವು. ಸಂಕ್ರಾಂತಿಯ ಎಳ್ಳು ಅವರ ಬಾಗಿಲಿಗೆ ಬರಲಿಲ್ಲ. ಕೊಡವರ ಅಕ್ಕ ಒಬ್ಬರೇ ಮೊದಲಿನಂತೆ ಹೋಗಿಬರುತ್ತಿದ್ದರು, ನನ್ನನ್ನು ಕಂಡರೆ ಮಾತಾಡುತ್ತಿರಲಿಲ್ಲ.

ವಕೀಲರು ಅಲೆದಾಡಿ ನಮ್ಮವರಿಗೆ ಅಮ್ಮತ್ತಿಯ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಗೊತ್ತುಮಾಡಿದರು. ರೈಟರ್ ಎಂದರೆ ಆಳುಗಳ ಹಾಜರಿ ಹಾಕುವುದು, ಪಿಕ್ಕಿಂಗಿನ ದಿನ ಕಾಫಿ ಹಣ್ಣು ಅಳೆಸುವುದು. ಇಪ್ಪತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದ ಮನುಷ್ಯ. ನಾವು ಸಾಮಾನು ಕಟ್ಟುತ್ತಿದ್ದ ದಿನ ಶಿರಸ್ತೇದಾರರ ಹೆಂಡತಿ ಬಂದರು. ಊರು ಬಿಟ್ಟು ಹೋಗುವ ಮುತ್ತೈದೆಗೆ ಕುಂಕುಮ ಕೊಟ್ಟು ಕಳಿಸಬೇಕೆಂದು ರವಿಕೆ ಕಣ, ಕಾಯಿ, ಬಾಳೆಹಣ್ಣು ತಂದಿದ್ದರು. ಅವರಿಗೆ ನಿಜವಾಗಿ ದುಃಖವಾಗಿತ್ತು. ಗೋಣಿಚೀಲದ ಮೇಲೆ ಕೂತು ಕಣ್ಣೊರೆಸಿಕೊಂಡು ಹೇಳಿದರು:

"ಆವತ್ತು ನೀವು ಅಷ್ಟು ಬಾಯ್ತುಂಬ ಕರೆದ್ರಿ, ನನಗೆ ಬರೋಕಾಗ್ಲಿಲ್ಲ, ಬೇಜಾರು ಮಾಡ್ಕೋಬೇಡಿ. ನಾನು ಆ ಸಾಯಂಕಾಲಾನೇ ಇವ್ರನ್ನ ಕೇಳ್ದೆ. ಮೇಷ್ಟ್ರು ಮೆರವಣಿಗೆ ಇಟ್ಕೊಂಡಿದಾರೆ, ಬೀದಿಯವ್ರನ್ನೆಲ್ಲ ಕರೆಸಿದಾರೆ, ಯಾವ ಸೀರೆ ಉಡ್ಲಿ ಅಂತ. ಇವ್ರು ಯಾವ ಮೇಷ್ಟ್ರು ಅಂತ ಎರಡು ಸಲ ಕೇಳಿ, ಆಮೇಲೆ ಬೇಡ ಅಂದ್ಬಿಟ್ರು."

ಅವರ ಮಾತಿನಲ್ಲಿ ಕಪಟದ ಎಳೆಯೂ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯ ಗೋಡೆಯ ಮೇಲೆ ನಮ್ಮವರೇ ಬರೆಸಿದ್ದರು. ನಾನು ಬೀದಿಯುದ್ದಕ್ಕೂ, ಒಂದು ಮನೆಯನ್ನೂ ಬಿಡದೆ, ನಮ್ಮ ಯಜಮಾನರೇ ಈ ಮೆರವಣಿಗೆ ನಡೆಸುವವರು ಎಂದು ಹಣೆಗೆ ಕುಂಕುಮ ಇಟ್ಟು ಸಾರಿಬಂದಿದ್ದೆ. ಹೆಂಗಸೊಬ್ಬಳು ತನ್ನ ಹೆಸರಿನಲ್ಲಿ ಯಾರನ್ನೂ ಕರೆಯುವ ರೂಢಿ ನಮ್ಮಲ್ಲಿ ಇರಲಿಲ್ಲ. ಕರೆದರೆ ಯಜಮಾನರ ಹೆಸರಿನಲ್ಲೇ ಕರೆಯಬೇಕು. ಅದನ್ನು ಕೇಳದೆ ಉಳಿದ ಮನೆ ಒಂದೇ.

ಶಿರಸ್ತೇದಾರರ ಹೆಂಡತಿಯನ್ನು ಕಳಿಸಿ ಪಕ್ಕದ ಮನೆಗೆ ಹೋದೆ. ದೊಡ್ಡಮ್ಮ ಒಬ್ಬರೇ ಅಕ್ಕಿ ಆರಿಸುತ್ತ ಕೂತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಅಳುತ್ತ ತಪ್ಪಾಯಿತು ಎಂದೆ. ಅವರು ಅಕ್ಕಿ ಆರಿಸುತ್ತಲೇ ನಡೆದದ್ದು ಹೇಳಿದರು. ಅವರು ಗೋಡೆಯ ಹತ್ತಿರ ಬಂದ ಆ ಬುಧವಾರ ಟೈಪಿಸ್ಟು ಹುಡುಗ ಊಟ ಮಾಡಲಾರದೆ ಕೂತಿದ್ದನಂತೆ. ಶಿರಸ್ತೇದಾರರು ಹೇಳಿ ಬರೆಸಿದ ಕಾಗದದಲ್ಲಿ ಮೇಷ್ಟ್ರ ಹೆಸರನ್ನು ನಾನೇ ಟೈಪು ಮಾಡಿದೆ, ಹೇಗಾದರೂ ಅವರಿಗೆ ತಿಳಿಸಿ, ನಾನು ತಿಳಿಸಿದರೆ ನನ್ನ ಕೆಲಸ ಹೋಗುತ್ತದೆ ಎಂದನಂತೆ. ತಿರುವಿನಲ್ಲಿ ಗುಮಾಸ್ತ ಬೆರಳು ಮಾಡಿ ತೋರಿಸಿದ ಮೇಲೆ ಬರೆಯದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಮೆರವಣಿಗೆಗೆ ಯಾಕೆ ಬಂದಿರಿ ಎಂದು ನಾನು ಕೇಳಿದೆ. ಈಗಲೂ ನನ್ನೊಳಗೆ ಒಂದು ಚೂರು ಅನುಮಾನ ಉಳಿದಿತ್ತೋ ಏನೋ. ನನಗೂ ಅದೇ ರೇಷನ್ ಅಕ್ಕಿ ಅಲ್ಲವೇನೇ ಎಂದರು. ಆಮೇಲೆ ಮೊರ ಕೆಳಗಿಟ್ಟು ಕೇಳಿದರು:

"ನಾನು ಗೋಡೆ ಹತ್ರ ಬಂದು ಹೇಳಿದ್ದು ನಿನ್ನ ಗಂಡನಿಗೆ ಗೊತ್ತಾ?"

ಇಲ್ಲ ಎಂದು ತಲೆಯಾಡಿಸಿದೆ.

"ಹಾಗಾದ್ರೆ ನನ್ನ ಹತ್ರ ಅತ್ತು ಏನು ಬಂತು? ಅವನ ಹತ್ರ ಹೋಗು."

ನಮ್ಮವರು ಹಿಂದಿನ ಕೋಣೆಯಲ್ಲಿ ಪುಸ್ತಕಗಳನ್ನು ಹುರಿಯಿಂದ ಕಟ್ಟುತ್ತಿದ್ದರು. ಅವರ ಎದುರಿಗೆ ನೆಲದ ಮೇಲೆ ಕೂತು ಬುಧವಾರದ ಗೊಜ್ಜಿನಿಂದ ಹಿಡಿದು ಒಂದೊಂದನ್ನೂ ಹೇಳಿದೆ. ಕುಂಕುಮಕ್ಕೆ ಕರೆಯುವಾಗ ಅವರ ಹೆಸರು ಹೇಳಿದ್ದಕ್ಕೆ ಅವರಿಗೆ ನಗುವೇ ಬಂತು. ಅದು ಎಲ್ಲರೂ ಅನ್ನುವುದೇ ಬಿಡು ಎಂದರು. ಗೋಡೆಯ ಹತ್ತಿರದ ಮಾತಿಗೆ ಬಂದಾಗ ಅವರ ಕೈ ನಿಂತಿತು. ಬೈದರೆ ಚೆನ್ನಾಗಿತ್ತು ಎನಿಸಿತು. ಮದುವೆಯಾದಾಗಿನಿಂದ ಒಂದು ಸಲವೂ ಬೈದವರಲ್ಲ.

ನಿಮಗೆ ಹೇಳಿದ್ದರೆ ನೀವು ಬರುತ್ತಿರಲಿಲ್ಲ, ಕೆಲಸ ಉಳಿಯುತ್ತಿತ್ತು, ಎಲ್ಲ ನನ್ನಿಂದಲೇ ಎಂದು ನಾನೇ ಹೇಳಿದೆ. ಅವರು ಇಲ್ಲ ಎಂಬಂತೆ ತಲೆಯಾಡಿಸಿದರು.

"ಹೇಳಿದ್ರೂ ಬರ್ತಿದ್ನೋ ಏನೋ. ಯಾರಿಗೆ ಗೊತ್ತು. ಬರ್ಬೇಕು ಅಂತ ನನಗೂ ಇತ್ತು ಕಣೇ. ಆದ್ರೆ ಕೆಲಸ ಹೋಗುತ್ತೆ ಅಂತ ತಿಳಿದು ಬರೋದು ಬೇರೆ, ತಿಳೀದೆ ಬರೋದು ಬೇರೆ. ಅದನ್ನ ನಾನು ತೀರ್ಮಾನ ಮಾಡ್ಬೇಕಿತ್ತು. ಕಚೇರಿಯವರು ನನ್ನ ಒಂದು ಮಾತು ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ."

ಅಷ್ಟು ಹೇಳಿ ಮತ್ತೆ ಪುಸ್ತಕ ಕಟ್ಟತೊಡಗಿದರು. ನಾನು ಹುರಿಯ ಇನ್ನೊಂದು ತುದಿ ಹಿಡಿದುಕೊಂಡೆ. ಗಂಟು ಹಾಕುವಾಗ ಅವರು ಬೆರಳು ಅಲ್ಲಿಡು ಎನ್ನುತ್ತಾರೆಂದು ಕಾದೆ. ಅವರು ಅನ್ನಲಿಲ್ಲ, ಒಬ್ಬರೇ ಹಾಕಿಕೊಂಡರು.